ಗ್ರೇಡ್‌ಗೂ ‘ಹಂತ’, ಸ್ಟೇಜ್‌ಗೂ ‘ಹಂತ’: ಗರ್ಭಕೊರಳಿನ ಬಯಾಪ್ಸಿ ವರದಿಗೆ ಯಾವ ಪದ ಬಳಸೋಣ?

ಗೆಳೆಯರೇ,

ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಬಯಾಪ್ಸಿ ವರದಿಯನ್ನು, ಅಂದರೆ ಅಲ್ಲಿಂದ ತೆಗೆದ ಚೂರಿನ ಪರೀಕ್ಷೆಯ ವರದಿಯನ್ನು, ಕನ್ನಡದಲ್ಲಿ ಬಿಡಿಸಿ ಹೇಳುವ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಡಾಕ್ಟರುಗಳಲ್ಲ. ವರದಿ ಕೈಗೆ ಬಂದ ಹೆಂಗಸರು, ಅವರ ಮನೆಯವರು. ಕೆಲವು ಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ, ಅದರಲ್ಲಿ ಒಂದಂತೂ ಸರಿಹೋಗದೆ ಕೈಪಿಡಿ ಅಚ್ಚಿಗೆ ಕೊಡಲು ಮನಸ್ಸಿಲ್ಲ. ಅದು ‘ಗ್ರೇಡ್’.

ಗ್ರೇಡ್, ಸ್ಟೇಜ್ ಎರಡಕ್ಕೂ ನಾವು ‘ಹಂತ’ ಅಂತಲೇ ಬರೆದುಬಿಡುತ್ತೇವೆ. ಇಲ್ಲಿ ಅದು ಅಪಾಯ. ಗರ್ಭಕೊರಳಿನ ಹೊದಿಕೆಯ ಜೀವಕೋಶಗಳು ಬದಲಾಗಿರುವುದಕ್ಕೆ ಡಾಕ್ಟರುಗಳು ಸಿಐಎನ್ ಎನ್ನುತ್ತಾರೆ. ವರದಿಯಲ್ಲಿ ‘ಸಿಐಎನ್ 3’ ಅಂತ ಇರುತ್ತದೆ. ಯಾರೋ ಅದನ್ನು ‘ಮೂರನೇ ಹಂತ’ ಎಂದು ಓದಿ ಹೇಳುತ್ತಾರೆ. ಕ್ಯಾನ್ಸರ್ ಮೂರನೇ ಸ್ಟೇಜ್ ಅಂದರೆ ಏನು ಅನ್ನೋದು ಎಲ್ಲರಿಗೂ ಗೊತ್ತು, ಅಲ್ವಾ? ಆದರೆ ಸಿಐಎನ್ 3 ಕ್ಯಾನ್ಸರೇ ಅಲ್ಲ. ಗರ್ಭಕೊರಳಿನ ಮೇಲೆ ಹೊದಿಕೆಯಂತಿರುವ ಜೀವಕೋಶಗಳ ಪದರ ಕೆಳಗಿನಿಂದ ಮೇಲಕ್ಕೆ ಎಷ್ಟು ಕೆಟ್ಟಿದೆ ಎನ್ನುವುದರ ಲೆಕ್ಕ ಅದು. ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಬದಲಾವಣೆ ಇದ್ದರೆ 1, ಮೂರನೇ ಎರಡು ಭಾಗದವರೆಗೆ ಇದ್ದರೆ 2, ಅದನ್ನೂ ದಾಟಿ ಮೇಲಿನವರೆಗೆ ಇದ್ದರೆ 3. ಬದಲಾದ ಜೀವಕೋಶಗಳು ಪದರದ ತಳ ಒಡೆದು ಒಳಗೆ ಇಳಿದಾಗ ಮಾತ್ರ ಕ್ಯಾನ್ಸರ್. ಅಲ್ಲಿಂದ ಅದು ಎಲ್ಲೆಲ್ಲಿ ಹರಡಿದೆ ಎಂದು ಹೇಳುವುದು ಸ್ಟೇಜ್. ಎರಡೂ ಬೇರೆ ಬೇರೆ ಅಳತೆ, ಎರಡಕ್ಕೂ ಒಂದೇ ಪದ ಆಗುವುದಿಲ್ಲ.

‘ದರ್ಜೆ’ ಎಂದು ಬರೆದು ನೋಡಿದೆ. ಒಪ್ಪುವುದಿಲ್ಲ. ಪ್ರಥಮ ದರ್ಜೆ ಸಹಾಯಕ, ಮೊದಲ ದರ್ಜೆ ಪಾಸು ಅಂತ ದಿನಾ ಆಡುವವರು ನಾವು. ನಮ್ಮಲ್ಲಿ ಒಂದನೇ ದರ್ಜೆ ಅಂದರೆ ಮೇಲು, ಮೂರನೇ ದರ್ಜೆ ಅಂದರೆ ಕಳಪೆ. ಇನ್ನು ‘ಹೈ ಗ್ರೇಡ್’ ಅನ್ನು ‘ಉನ್ನತ ದರ್ಜೆ’ ಎಂದರೆ ಓದಿದವರಿಗೆ ಒಳ್ಳೆಯ ಸುದ್ದಿ ಅನ್ನಿಸುತ್ತದೆ. ‘ಕೆಳಮಟ್ಟದ’, ‘ಮೇಲ್ಮಟ್ಟದ’ ಅನ್ನೋದಕ್ಕೂ ಇದೇ ತೊಂದರೆ, ‘ಕೆಳಮಟ್ಟದ’ ಅಂದರೆ ಕೀಳು ಅಂತಲೇ ಕೇಳಿಸುತ್ತದೆ. ಅದಕ್ಕೇ ನನ್ನ ಒಲವು ನಾಮಪದ ಬಿಟ್ಟು ‘ಸ್ವಲ್ಪ ಬದಲಾಗಿದೆ’, ‘ಜಾಸ್ತಿ ಬದಲಾಗಿದೆ’ ಎಂದು ಬರೆಯುವ ಕಡೆಗೆ.

ಇದಕ್ಕೆ ವೈದ್ಯಕೀಯದ ಒಳಗಿನಿಂದಲೇ ಬೆಂಬಲ ಇದೆ. 2012ರಲ್ಲಿ ಅಮೆರಿಕದ ಪೆಥಾಲಜಿಸ್ಟರ (ಚೂರನ್ನು ಪರೀಕ್ಷಿಸಿ ವರದಿ ಬರೆಯುವ ಡಾಕ್ಟರುಗಳ) ಕಾಲೇಜು ಮತ್ತು ಅಲ್ಲಿನ ಕಾಲ್ಪೋಸ್ಕೋಪಿ (ಗರ್ಭಕೊರಳನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ) ಸಂಘ ಸೇರಿ ಲಾಸ್ಟ್ ಎಂಬ ಹೆಸರಿನಲ್ಲಿ ಹೊಸ ಶಿಫಾರಸು ತಂದವು. ಮೂರು ಗ್ರೇಡ್ ಬದಲು ಲೋ, ಹೈ ಎಂಬ ಎರಡೇ ಸಾಕು ಎಂದವು. ಕಾರಣ ನಡುವಿನ ಸಿಐಎನ್ 2. ಅದೇ ಗಾಜಿನ ಸ್ಲೈಡ್ ನೋಡಿ ಒಬ್ಬ ಪೆಥಾಲಜಿಸ್ಟ್ 1 ಎಂದರೆ ಇನ್ನೊಬ್ಬರು 2 ಎನ್ನುತ್ತಾರೆ, ಮತ್ತೊಬ್ಬರು 3 ಎಂದರೂ ಆಶ್ಚರ್ಯವಿಲ್ಲ. ಇಂಥ ಅನುಮಾನದ ಜಾಗದಲ್ಲಿ ಪಿ16 ಎಂಬ ಪ್ರೋಟೀನಿಗೆ ಬಣ್ಣ ಹಾಕಿ ನೋಡಿ ಎಂದು ಅದೇ ಶಿಫಾರಸು ಹೇಳಿತು. ಮುಟ್ಟು ನಿಂತ ಮೇಲೆ ತೆಳುವಾದ ಪದರ ಕೂಡ ಕೆಲವೊಮ್ಮೆ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯಂತೆ ಕಾಣುತ್ತದೆ, ಅಲ್ಲೂ ಇದು ನೆರವಿಗೆ ಬರುತ್ತದೆ. ಖಚಿತವಾಗಿ 1 ಅಥವಾ 3 ಎಂದು ಗೊತ್ತಾದಾಗ ಈ ಪರೀಕ್ಷೆ ಬೇಡ. ಸಿಐಎನ್ 1ರಲ್ಲೂ ಪಿ16 ಕಾಣಿಸುವುದುಂಟು, ಅಷ್ಟಕ್ಕೇ ಅದು ಮೇಲಿನ ಗ್ರೇಡ್ ಆಗಿಬಿಡುವುದಿಲ್ಲ.

ಇಲ್ಲಿಂದ ನನ್ನ ಎರಡನೇ ಪ್ರಶ್ನೆ. ವರದಿಯಲ್ಲಿ ‘ಪಿ16 ಬ್ಲಾಕ್ ಪಾಸಿಟಿವ್’ ಎಂದು ಬರುತ್ತದೆ. ಇದನ್ನು ಹೇಗೆ ಹೇಳುವುದು? ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹಿನ್ನೆಲೆಯ ಜೀವಕೋಶಗಳು ತಿಳಿ ನೀಲಿ, ಪಿ16 ತುಂಬಿದ ಜೀವಕೋಶಗಳು ಗಾಢ ಕಂದು. ಆ ಕಂದು ಪದರದ ತಳದಿಂದಲೇ ಶುರುವಾಗಿ, ಎಲ್ಲೂ ಕಡಿಯದೆ, ಸೀರೆಯ ಅಂಚಿನ ಹಾಗೆ ಉದ್ದಕ್ಕೂ ಓಡಬೇಕು, ಮೇಲಕ್ಕೆ ಕನಿಷ್ಠ ಮೂರನೇ ಒಂದು ಭಾಗದಷ್ಟು ಏರಿರಬೇಕು. ಆಗ ಮಾತ್ರ ಪಾಸಿಟಿವ್. ಅಲ್ಲೊಂದು ಇಲ್ಲೊಂದು ಕಂದು ಚುಕ್ಕೆ ಇದ್ದರೆ, ತೇಪೆ ತೇಪೆಯಾಗಿ ಬಂದಿದ್ದರೆ, ಅದನ್ನು ನೆಗೆಟಿವ್ ಎಂದೇ ಬರೆಯುತ್ತಾರೆ. ಹೀಗಾಗಿ ‘ಬಣ್ಣ ಬಂದಿದೆ’, ‘ಬಣ್ಣ ಬಂದಿಲ್ಲ’ ಎಂದು ಬರೆದರೆ ತಪ್ಪಾಗುತ್ತದೆ, ಏಕೆಂದರೆ ನೆಗೆಟಿವ್‌ನಲ್ಲೂ ಒಂದಿಷ್ಟು ಬಣ್ಣ ಇರಬಹುದು. ‘ಬಣ್ಣ ಎಡೆಬಿಡದೆ ಹಿಡಿದಿದೆ’, ‘ಬಣ್ಣ ಅಲ್ಲಲ್ಲಿ ಮಾತ್ರ ಹಿಡಿದಿದೆ’ ಎಂದು ಬರೆದಿದ್ದೇನೆ. ನೂಲಿಗೆ, ಬಟ್ಟೆಗೆ ಬಣ್ಣ ಹಾಕುವ ಮನೆತನದವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಬಣ್ಣ ಒಂದೇ ಸಮ ಕೂತದ್ದಕ್ಕೂ ತೇಪೆಯಾಗಿ ಕೂತದ್ದಕ್ಕೂ ನಿಮ್ಮಲ್ಲಿ ಬೇರೆ ಮಾತು ಇದೆಯಾ?

ಇನ್ನೊಂದು ಗೊಂದಲವನ್ನು ಕೈಪಿಡಿಯಲ್ಲಿ ಬಿಡಿಸಲೇಬೇಕು. ಪಿ16ರ 16 ಬೇರೆ, ಎಚ್‌ಪಿವಿ 16ರ 16 ಬೇರೆ. ಎಚ್‌ಪಿವಿ 16 ಅನ್ನೋದು ಗರ್ಭಕೊರಳಿನಲ್ಲಿ ಈ ಬದಲಾವಣೆ ತರುವ ವೈರಸ್ಸಿನ (ಎಚ್‌ಪಿವಿ) ಒಂದು ತಳಿಗೆ ಕೊಟ್ಟ ಸರದಿ ಸಂಖ್ಯೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ತ್ಸುರ್ ಹೌಸನ್ ಅವರ ತಂಡ 1983ರಲ್ಲಿ ಅದನ್ನು ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಪತ್ತೆ ಮಾಡಿತು, 2008ರಲ್ಲಿ ಅವರಿಗೆ ನೊಬೆಲ್ ಬಂತು. ಪಿ16 ನಮ್ಮ ಜೀವಕೋಶದ್ದೇ ಪ್ರೋಟೀನ್, ಅದರ ತೂಕ ಸುಮಾರು 16 ಕಿಲೋಡಾಲ್ಟನ್ (ಪ್ರೋಟೀನ್‌ಗಳ ತೂಕದ ಅಳತೆ), ಅದಕ್ಕೇ ಆ ಹೆಸರು. ಜೀವಕೋಶ ಸಿಕ್ಕಾಪಟ್ಟೆ ಒಡೆದು ಎರಡಾಗದಂತೆ ತಡೆಯುವುದು ಅದರ ಕೆಲಸ. ವೈರಸ್ಸಿನ ಇ7 ಎಂಬ ಪ್ರೋಟೀನ್ ಆರ್‌ಬಿ ಎನ್ನುವ ಇನ್ನೊಂದು ಕಾವಲು ಪ್ರೋಟೀನನ್ನು ಕೆಡಿಸುತ್ತದೆ. ಆಗ ಪಿ16 ರಾಶಿಯಾಗಿ ಬೆಳೆಯುತ್ತದೆ, ಆದರೆ ಅದರ ಮಾತು ಕೇಳಬೇಕಾದ ಆರ್‌ಬಿಯೇ ಇಲ್ಲ, ಹಾಗಾಗಿ ಪ್ರಯೋಜನವಿಲ್ಲ. ಆ ರಾಶಿಯೇ ನಮಗೆ ಕಂದಾಗಿ ಕಾಣುವುದು. ಅಪಾಯದ ತಳಿ 18 ಇರಲಿ 31 ಇರಲಿ, ಪಿ16 ಹೀಗೇ ಏರಬಹುದು. ‘ಪಿ16 ಪಾಸಿಟಿವ್ ಅಂದ್ರೆ 16ನೇ ವೈರಸ್ ಇದೆ’ ಎಂದು ಯಾರೂ ತಿಳಿಯಬಾರದು.

ಜೊತೆಗೆ ಕೆಐ-67 ಕೂಡ ಕೆಲವು ವರದಿಗಳಲ್ಲಿ ಇರುತ್ತದೆ. ಜರ್ಮನಿಯ ಕೀಲ್ ಊರಿನ ಹೆಸರಿನಿಂದ ಬಂದದ್ದು. ಒಡೆದು ಎರಡಾಗುವ ಕೆಲಸದಲ್ಲಿರುವ ಜೀವಕೋಶಗಳನ್ನು ಅದು ತೋರಿಸುತ್ತದೆ. ಆರೋಗ್ಯವಂತ ಪದರದಲ್ಲಿ ಅವು ತಳದ ಹತ್ತಿರ ಮಾತ್ರ ಇರುತ್ತವೆ, ಮೇಲೆಲ್ಲ ಕಂಡರೆ ಅನುಮಾನ ಪಡಬೇಕು. ಇಂಥವಕ್ಕೆಲ್ಲ ‘ಸೂಚಕ’ ಎಂಬ ಪದ ಸಾಕು ಅಂದುಕೊಂಡಿದ್ದೇನೆ.

ಈಗ ಎಲ್ಲಕ್ಕಿಂತ ಕಷ್ಟದ್ದು. ‘ಕ್ಯಾನ್ಸರ್‌ಪೂರ್ವ’. ಇದನ್ನು ಓದಿದವರಿಗೆ ಕ್ಯಾನ್ಸರ್ ಬಂದೇ ಬರುತ್ತದೆ ಅನ್ನಿಸುತ್ತದೆ. ಅದು ನಿಜವಲ್ಲ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಚಿಕಿತ್ಸೆ ಕೊಡದೆ ಬರೀ ಕಣ್ಣಿಟ್ಟು ನೋಡಿದ ಸಿಐಎನ್ 2ರಲ್ಲಿ ಸುಮಾರು ಅರ್ಧದಷ್ಟು ತಾನಾಗಿಯೇ ಇಳಿದಿತ್ತು. ಇನ್ನೂ ಮಕ್ಕಳಾಗಬೇಕಿರುವ ಹುಡುಗಿಯರಿಗೆ ಇದು ದೊಡ್ಡ ಮಾತು. ಹಾಗಂತ ‘ಇದು ಕ್ಯಾನ್ಸರ್ ಅಲ್ಲ’ ಎಂದಷ್ಟೇ ಬರೆದು ಬಿಟ್ಟರೆ ಕೆಲವರು ಮತ್ತೆ ಆಸ್ಪತ್ರೆ ಕಡೆ ತಲೆ ಹಾಕುವುದಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ಹೆಂಗಸರು ಬೆಲೆ ತೆತ್ತಿದ್ದಾರೆ. ಅಲ್ಲಿನ ಮಹಿಳಾ ಆಸ್ಪತ್ರೆಯಲ್ಲಿ 1966ರಿಂದ ಹಲವು ವರ್ಷ, ಸಿಐಎನ್ 3 ಇದ್ದ ಎಷ್ಟೋ ಹೆಂಗಸರಿಗೆ ಸರಿಯಾದ ಚಿಕಿತ್ಸೆ ಕೊಡದೆ ಸುಮ್ನೆ ನೋಡುತ್ತಾ ಇದ್ದರು, ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ತನಿಖೆಯ ವರದಿ ಬಂದದ್ದು 1988ರಲ್ಲಿ. 2008ರಲ್ಲಿ ಲೆಕ್ಕ ಹಾಕಿದಾಗ, ಹಾಗೆ ಬಿಟ್ಟವರಲ್ಲಿ 30 ವರ್ಷದೊಳಗೆ ಹತ್ತರಲ್ಲಿ ಮೂವರಿಗೆ ಕ್ಯಾನ್ಸರ್ ಆಗಿತ್ತು. ಸರಿಯಾದ ಚಿಕಿತ್ಸೆ ಆದವರಲ್ಲಿ ಅದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹೆದರಿಸುವ ಪದವೂ ಬೇಡ, ಮೈಮರೆಸುವ ಪದವೂ ಬೇಡ. ಅದಕ್ಕೇ ಉದ್ದವಾದರೂ ಸರಿ, ‘ಬಿಟ್ಟರೆ ಕ್ಯಾನ್ಸರ್ ಆಗಬಹುದಾದ ಬದಲಾವಣೆ’ ಎಂದು ಇಟ್ಟುಕೊಂಡಿದ್ದೇನೆ. ಬದಲಾವಣೆಯಾದ ಭಾಗಕ್ಕೆ ವರದಿಯಲ್ಲಿ ಬರುವ ‘ಲೀಷನ್’ ಎಂಬ ಪದಕ್ಕೆ ‘ಗಾಯ’, ‘ಹುಣ್ಣು’ ಎರಡನ್ನೂ ಬಿಟ್ಟಿದ್ದೇನೆ, ಬರಿಗಣ್ಣಿಗೆ ಅಲ್ಲಿ ಗಾಯವೂ ಇರುವುದಿಲ್ಲ ನೋವೂ ಇರುವುದಿಲ್ಲ. ‘ಬದಲಾದ ಜಾಗ’ ಸಾಕಲ್ವಾ?

ಗರ್ಭಕೊರಳು, ಗರ್ಭಕಂಠ, ಗರ್ಭಕೋಶದ ಬಾಯಿ, ಈ ಮೂರರಲ್ಲಿ ಮಾತಿನಲ್ಲಿ ಜಾಸ್ತಿ ಕೇಳಿರುವುದು ಕೊನೆಯದು. ಕಲಬುರಗಿ, ಧಾರವಾಡ, ಮಂಗಳೂರು ಕಡೆಯವರು ನಿಮ್ಮ ಮನೆಯ ಹೆಂಗಸರು ಏನನ್ನುತ್ತಾರೆ ಎಂದು ಕೇಳಿ ತಿಳಿಸಿ.

ಸದ್ಯಕ್ಕೆ ಕೈಪಿಡಿಯಲ್ಲಿ ಹೀಗೆ ಬರೆದಿದ್ದೇನೆ: ‘ನಿಮ್ಮ ಗರ್ಭಕೋಶದ ಬಾಯಿಯಿಂದ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಕಂಡಿಲ್ಲ. ಆದರೆ ವೈರಸ್ಸಿನಿಂದ ಅಲ್ಲಿನ ಜೀವಕೋಶಗಳು ಜಾಸ್ತಿ ಬದಲಾಗಿವೆ. ಪಿ16 ಬಣ್ಣ ಎಡೆಬಿಡದೆ ಹಿಡಿದಿರುವುದರಿಂದ ಇದು ಖಚಿತವಾಗಿದೆ. ಹಾಗೇ ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದು. ಮುಂದೇನು ಮಾಡಬೇಕು ಎಂದು ಈಗಲೇ ಡಾಕ್ಟರನ್ನು ಕೇಳಿ.’

ಇದರಲ್ಲಿ ಎಲ್ಲಿ ತಡವರಿಸಿದಿರಿ, ಯಾವ ಮಾತು ಬೇರೆ ಅರ್ಥ ಕೊಟ್ಟಿತು, ಅದನ್ನು ಗುರುತು ಮಾಡಿ ಕಳಿಸಿ. ಸಾಧ್ಯವಾದರೆ ವೈದ್ಯಕೀಯ ಗೊತ್ತಿಲ್ಲದ ಒಬ್ಬರಿಗೆ ಓದಿಸಿ, ಅವರಿಗೆ ಏನು ಅರ್ಥವಾಯಿತು ಅನ್ನೋದನ್ನೂ ಅವರ ಮಾತಿನಲ್ಲೇ ಬರೆಯಿರಿ.