ಡ್ರಿಪ್ ಪೈಪು ಗಟ್ಟಿಯಾಗಿದೆ, ಸುತಲಿ ಪುಡಿಯಾಯಿತು. ಎರಡೂ ಪ್ಲಾಸ್ಟಿಕ್ಕೇ ಅಲ್ವಾ?

ಚಿಂತಾಮಣಿ ತೋಟ:

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ಹತ್ತಿರ ಒಂದೂವರೆ ಎಕರೆ ಟೊಮೊಟೊ ತೋಟ. ಹೋದ ವರ್ಷ ನೀಲಗಿರಿ ಕಡ್ಡಿ ನೆಟ್ಟು, ತಂತಿ ಎಳೆದು, ಬಿಳಿ ಪ್ಲಾಸ್ಟಿಕ್ ಸುತಲಿಯಲ್ಲಿ ಗಿಡ ಕಟ್ಟಿದ್ದೆವು. ಬೆಳೆ ಮುಗಿದ ಮೇಲೆ ಕಡ್ಡಿ ಕೀಳಲಿಲ್ಲ. ಅದೇ ಸಾಲಿಗೆ ಹೀರೆಕಾಯಿ ಹಬ್ಬಿಸೋಣ ಅಂದುಕೊಂಡಿದ್ದೆವು. ಮೊನ್ನೆ ಹೋಗಿ ಸುತಲಿ ಮುಟ್ಟಿದರೆ ಕೈಯಲ್ಲೇ ಪುಡಿಯಾಯಿತು, ರಾಗಿ ಹೊಟ್ಟಿನ ಹಾಗೆ. ಗಾಳಿಗೆ ಹಾರಿ ಮಣ್ಣಿಗೆ ಸೇರುವುದು ನೋಡಿ ತುಂಬಾ ಬೇಜಾರಾಯಿತು. ಅದನ್ನು ಆರಿಸಿ ತೆಗೆಯುವುದಕ್ಕೂ ಆಗುವುದಿಲ್ಲ.

ಅದೇ ಸಾಲಿನ ಕರಿ ಡ್ರಿಪ್ ಪೈಪಿಗೆ ಆರು ವರ್ಷ. ಅದೇ ಬಿಸಿಲು ತಿಂದಿದೆ. ಈಗಲೂ ಬಗ್ಗಿಸಿದರೆ ಬಗ್ಗುತ್ತದೆ. ಆದರೆ ಬೋರ್‌ವೆಲ್ ಹತ್ತಿರ ನೆಲದ ಮೇಲಿದ್ದ ಪಿವಿಸಿ ಪೈಪಿಗೆ ಟ್ರೇಲರ್ ಸ್ವಲ್ಪ ತಾಗಿದ್ದಕ್ಕೇ ಚೂರು ಚೂರಾಯಿತು. ಟೊಮೊಟೊ ಕ್ರೇಟನ್ನು ಲಾರಿಯಿಂದ ಎಸೆದರೂ ಏನೂ ಆಗುವುದಿಲ್ಲ. ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಪ್ಲಾಸ್ಟಿಕ್ಕೇ" ಅನ್ನುತ್ತಾರೆ. ಒಳಗೆ ಏನು ವ್ಯತ್ಯಾಸ ಇದೆ? ತಿಳಿದವರು ಬಿಡಿಸಿ ಹೇಳಿ. ಮುಂದಿನ ಸಲ ದುಡ್ಡು ಹಾಕುವಾಗ ನೋಡಿ ಹಾಕಬೇಕು.

ಪೈಪ್ ಮಿಷಿನ್, ತುಮಕೂರು:

ಅಣ್ಣ, ನಾನು ಹನ್ನೆರಡು ವರ್ಷದಿಂದ ಪೈಪ್ ಎಳೆಯುವ ಮಿಷಿನ್ ಮೇಲೆ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ನಾಲ್ಕೂ ಬೇರೆ ಬೇರೆ ಸಾಮಾನು. ಪ್ಲಾಸ್ಟಿಕ್ ಅಂದರೆ ಉದ್ದುದ್ದ ಎಳೆಗಳು. ಒಂದೊಂದು ಎಳೆಯಲ್ಲೂ ಸಾವಿರಾರು ಇಂಗಾಲದ ಪರಮಾಣುಗಳು ಸಾಲಾಗಿ ಕೈ ಹಿಡಿದಿರುತ್ತವೆ. ಆ ಎಳೆ ಎಷ್ಟು ಉದ್ದ, ಪಕ್ಕದ ಎಳೆ ಜೊತೆ ಹೇಗೆ ಮಲಗಿದೆ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ನಿಮ್ಮ ತೋಟದ ಕಡ್ಡಿಯನ್ನೇ ತೆಗೆದುಕೊಳ್ಳಿ. ನೀಲಗಿರಿ ಕಡ್ಡಿ ನೆಟ್ಟಗಿರುತ್ತದೆ, ಒತ್ತಾಗಿ ಜೋಡಿಸಬಹುದು. ಜಾಲಿ ಕೊಂಬೆ ಜೋಡಿಸಿ ನೋಡಿ, ಕವಲು ಅಡ್ಡ ಬಂದು ನಡುವೆ ಬರೀ ಸಂದು. ಕ್ರೇಟಿನ ಎಚ್‌ಡಿಪಿಇ, ಅಂದರೆ ಸಾಂದ್ರತೆ ಜಾಸ್ತಿ ಇರುವ ಪಾಲಿಥೀನ್, ನೀಲಗಿರಿ ಕಡ್ಡಿಯ ಹಾಗೆ. ಎಳೆ ನೆಟ್ಟಗೆ, ಜೋಡಣೆ ಒತ್ತಾಗಿ, ಅದಕ್ಕೇ ಗಡಸು. ಕರಗಬೇಕಾದರೆ ಸುಮಾರು 130 ಡಿಗ್ರಿ ಬೇಕು. ಎಲ್‌ಡಿಪಿಇ, ಅಂದರೆ ಸಾಂದ್ರತೆ ಕಡಿಮೆ ಇರುವ ಪಾಲಿಥೀನ್, ಜಾಲಿ ಕೊಂಬೆ. ಮೆತ್ತಗೆ, ಸುಮಾರು 110 ಡಿಗ್ರಿಗೇ ಕರಗುತ್ತದೆ. ಡ್ರಿಪ್ ಲ್ಯಾಟರಲ್‌ಗೆ, ಅಂದರೆ ನಿಮ್ಮ ಸಾಲಿನ ಕರಿ ಪೈಪಿಗೆ, ನಾವು ಹಾಕುವುದು ಎಲ್‌ಎಲ್‌ಡಿಪಿಇ, ಅದೂ ಪಾಲಿಥೀನ್‌ನ ಇನ್ನೊಂದು ಬಗೆ. ಅದರಲ್ಲಿ ಕವಲು ಇವೆ, ಆದರೆ ಗಿಡ್ಡ. ಹಾಗಾಗಿ ಬಗ್ಗುತ್ತದೆ, ಬೇಗ ಸೀಳುವುದಿಲ್ಲ.

ಈ ಮೂರರಲ್ಲೂ ಒತ್ತಾಗಿ ಜೋಡಿಸಿದ ಭಾಗದ ನಡುನಡುವೆ ಸಿಕ್ಕು ಬಿದ್ದ ಭಾಗ ಇರುತ್ತದೆ. ನಮ್ಮ ಹವೆಯಲ್ಲಿ ಆ ಸಿಕ್ಕಿನ ಎಳೆಗಳು ಇನ್ನೂ ಅಲುಗಾಡುವ ಸ್ಥಿತಿಯಲ್ಲೇ ಇರುತ್ತವೆ. ಕ್ರೇಟ್ ಎಸೆದಾಗ ಏಟನ್ನು ನುಂಗುವುದು ಅವೇ. ಪಿವಿಸಿ ಹಾಗಲ್ಲ. ಅದರ ಎಳೆಗೆ ದಪ್ಪ ಕ್ಲೋರಿನ್ ಪರಮಾಣು ಅಂಟಿರುತ್ತದೆ, ಅದೂ ಒಂದೇ ಕ್ರಮದಲ್ಲಿ ಅಲ್ಲ. ಜೋಡಣೆ ಸರಿಯಾಗಿ ಆಗುವುದಿಲ್ಲ. ಸುಮಾರು 80 ಡಿಗ್ರಿಗಿಂತ ಕೆಳಗೆ ಆ ಎಳೆಗಳು ಮರಗಟ್ಟಿದ ಹಾಗೆ ನಿಂತುಬಿಡುತ್ತವೆ, ಗಾಜಿನ ಥರ. ಗಡಸುತನ ಚೆನ್ನಾಗಿದೆ, ಒತ್ತಡವನ್ನೂ ತಡೆಯುತ್ತದೆ. ಆದರೆ ಬಿಸಿಲಿಗೆ ಬಿದ್ದರೆ ಕ್ಲೋರಿನ್ ಬಿಟ್ಟುಹೋಗಿ ಮೇಲ್ಮೈ ಬಣ್ಣ ಕೆಟ್ಟು ಪೆಡಸಾಗುತ್ತದೆ. ಆಮೇಲೆ ಸಣ್ಣ ಏಟೂ ಸಾಕು. ಪಿವಿಸಿ ಪೈಪನ್ನು ಮಣ್ಣಿನೊಳಗೆ ಹೂಳಿ, ಇಲ್ಲವೇ ಪೇಂಟ್ ಬಳಿಯಿರಿ. ಮನೆ ಮುಂದಿನ ಹಸಿರು ಹೋಸ್ ಪೈಪ್ ಕೂಡ ಸಾಮಾನ್ಯವಾಗಿ ಪಿವಿಸಿಯೇ. ಎಳೆಗಳ ನಡುವೆ ಎಣ್ಣೆಯಂಥ ಒಂದು ದ್ರವ ಸೇರಿಸಿ ಜಾರುವ ಹಾಗೆ ಮಾಡಿರುತ್ತಾರೆ. ವರ್ಷ ಕಳೆದ ಹಾಗೆ ಆ ಎಣ್ಣೆ ಹೊರಟುಹೋಗಿ ಹೋಸ್ ಸೆಟೆದುಕೊಳ್ಳುತ್ತದೆ.

ಈಗ ಸುತಲಿ. ಅದು ಪಿಪಿ, ಅಂದರೆ ಪಾಲಿಪ್ರೊಪಿಲೀನ್. ಪಟ್ಟಿ ಎಳೆದೂ ಎಳೆದೂ ಎಲ್ಲಾ ಎಳೆಗಳನ್ನು ಒಂದೇ ದಿಕ್ಕಿಗೆ ತಿರುಗಿಸಿರುತ್ತಾರೆ. ಅದಕ್ಕೇ ಉದ್ದಕ್ಕೆ ಜಗ್ಗಿದರೆ ಹರಿಯುವುದಿಲ್ಲ, ಉಗುರಲ್ಲಿ ಸೀಳಿದರೆ ನಾರುನಾರಾಗಿ ಬರುತ್ತದೆ. ಈ ಎಳೆಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಪಕ್ಕದಲ್ಲಿ ಇನ್ನೊಂದು ಇಂಗಾಲ ಅಂಟಿಕೊಂಡಿದೆ. ಬಿಸಿಲು, ಗಾಳಿ ಸೇರಿ ಮೊದಲು ಕೈ ಹಾಕುವುದು ಆ ಜಾಗಕ್ಕೇ. ಅಲ್ಲಿಂದ ಎಳೆ ತುಂಡಾಗುತ್ತಾ ಹೋಗುತ್ತದೆ.

ತುಂಡಾದರೆ ಪುಡಿ ಯಾಕಾಗಬೇಕು ಅಂತ ಕೇಳಬಹುದು. ಮೇಣದ ಬತ್ತಿ ಮುರಿದು ನೋಡಿ. ಮೇಣಕ್ಕೂ ಪಾಲಿಥೀನ್‌ಗೂ ಒಳಗಿನ ಸಾಮಾನು ಒಂದೇ, ಇಂಗಾಲ ಮತ್ತು ಜಲಜನಕ. ಆದರೆ ಮೇಣದ ಎಳೆಯಲ್ಲಿ ಇಂಗಾಲ ಇರುವುದು ಹೆಚ್ಚು ಕಡಿಮೆ 20ರಿಂದ 40. ಅಷ್ಟು ಗಿಡ್ಡ ಎಳೆ ಒಂದಕ್ಕೊಂದು ಸಿಕ್ಕು ಹಾಕಿಕೊಳ್ಳುವುದಿಲ್ಲ, ಲಟಕ್ ಅಂತ ಮುರಿಯುತ್ತದೆ. ಶ್ಯಾವಿಗೆ ಉದ್ದ ಇದ್ದರೆ ಒಂದು ಎಳೆದರೆ ನಾಲ್ಕು ಬರುತ್ತದೆ, ತುಂಡು ಮಾಡಿದರೆ ಚಮಚದಿಂದ ಉದುರುತ್ತದೆ. ನಿಮ್ಮ ಸುತಲಿಗೆ ಆಗಿದ್ದೂ ಅದೇ.

ಡ್ರಿಪ್ ಪೈಪ್ ಉಳಿದಿದ್ದು ಕರಿ ಬಣ್ಣದಿಂದ. ಅದು ಚೆಂದಕ್ಕೆ ಹಾಕಿದ್ದಲ್ಲ. ನೂರಕ್ಕೆ ಎರಡರಿಂದ ಮೂರು ಪಾಲು ಕಾರ್ಬನ್ ಬ್ಲ್ಯಾಕ್, ಅಂದರೆ ನುಣ್ಣನೆ ಮಸಿ, ಪೈಪಿನೊಳಗೆ ಸಮವಾಗಿ ಬೆರೆತಿರುತ್ತದೆ. ನೇರಳಾತೀತ ಕಿರಣವನ್ನು ಮೇಲ್ಮೈಯಲ್ಲೇ ಅದು ಹಿಡಿದುಬಿಡುತ್ತದೆ. ಸಮವಾಗಿ ಬೆರೆಯದಿದ್ದರೆ ಎಷ್ಟು ಹಾಕಿದರೂ ದಂಡ. ನಾವು ಮಿಷಿನ್ ಮುಂದೆ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಮೇಷ್ಟ್ರು, ಮಾಲೂರು:

ಕಡ್ಡಿ, ಕೊಂಬೆಯ ಹೋಲಿಕೆ ತುಂಬಾ ಚೆನ್ನಾಗಿದೆ, ನಾಳೆಯೇ ತರಗತಿಯಲ್ಲಿ ಹೇಳುತ್ತೇನೆ. ಒಂದು ಮಾತು ಸೇರಿಸುತ್ತೇನೆ. ಇಂಗ್ಲೆಂಡಿನಲ್ಲಿ 1933ರಲ್ಲಿ ಮೊದಲು ಸಿಕ್ಕ ಪಾಲಿಥೀನ್ ಭಾರಿ ಒತ್ತಡದಲ್ಲಿ ಆಗಿದ್ದು, ಅದು ಕವಲಿನದು. ಕಡಿಮೆ ಒತ್ತಡದಲ್ಲೇ ನೆಟ್ಟನೆಯ ಎಳೆ ಮಾಡುವ ದಾರಿಯನ್ನು ಜರ್ಮನಿಯ ಕಾರ್ಲ್ ತ್ಸೀಗ್ಲರ್ ಕಂಡುಕೊಂಡಿದ್ದು 1953ರಲ್ಲಿ. ಮರುವರ್ಷ ಇಟಲಿಯ ಜೂಲಿಯೊ ನಾಟ್ಟಾ ಪಾಲಿಪ್ರೊಪಿಲೀನ್‌ನಲ್ಲಿ ಪಕ್ಕದ ಇಂಗಾಲಗಳೆಲ್ಲ ಒಂದೇ ಕ್ರಮದಲ್ಲಿ ಬರುವ ಹಾಗೆ ಮಾಡಿದರು. ಕ್ರಮ ಇಲ್ಲದಿದ್ದರೆ ಪಾಲಿಪ್ರೊಪಿಲೀನ್ ಬರೀ ಅಂಟಂಟು ಮುದ್ದೆ. ಸುತಲಿ ಆಗುತ್ತಲೇ ಇರಲಿಲ್ಲ. ಇಬ್ಬರಿಗೂ 1963ರಲ್ಲಿ ನೊಬೆಲ್ ಬಂತು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಬಕೆಟ್ ನೀರಿಗೆ ತುಂಡು ಹಾಕಿ. ಪಾಲಿಥೀನ್, ಪಿಪಿ ತೇಲುತ್ತವೆ. ಪಿವಿಸಿ, ನೈಲಾನ್ ಮುಳುಗುತ್ತವೆ. ಸುಟ್ಟು ನೋಡಲು ಮಾತ್ರ ಹೋಗಬೇಡಿ. ಪಿವಿಸಿ ಸುಟ್ಟರೆ ಬರುವ ಆಮ್ಲದ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ರೇಷ್ಮೆ ಮನೆ, ಶಿಡ್ಲಘಟ್ಟ:

ನಮ್ಮ ಮನೆಯಲ್ಲಿ ನೂಲು ಬಿಚ್ಚುವ ಕೆಲಸ. ನೈಲಾನ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅಮೆರಿಕದಲ್ಲಿ 1935ರಲ್ಲಿ ನೈಲಾನ್ ಬಂತು. 1940ರಲ್ಲಿ ಅದರ ಕಾಲುಚೀಲ ಮಾರಾಟಕ್ಕೆ ಬಂದಾಗ ಏಟು ಬಿದ್ದಿದ್ದು ರೇಷ್ಮೆಗೇ. ರೇಷ್ಮೆ ಹುಳ ತನ್ನ ಎಳೆಯಲ್ಲಿ ಹಾಕುವ ಗಂಟನ್ನೇ, ಅಮೈಡ್ ಅನ್ನುತ್ತಾರಲ್ಲ, ನೈಲಾನ್‌ನಲ್ಲೂ ಹಾಕಿದ್ದಾರೆ. ಆ ಗಂಟು ಪಕ್ಕದ ಎಳೆಯನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಬಲ. ಆದರೆ ಅದೇ ಗಂಟು ನೀರನ್ನೂ ಹಿಡಿದುಕೊಳ್ಳುತ್ತದೆ. ನೆನೆದ ನೈಲಾನ್ ಹಗ್ಗ ಸಡಿಲವಾಗುತ್ತದೆ. ತೋಟದಲ್ಲಿ ನೈಲಾನ್ ಹಗ್ಗ ಕಟ್ಟಿದರೆ ಮಳೆ ಬಂದ ಮೇಲೆ ಒಂದು ಸಲ ಬಿಗಿ ಮಾಡಿ. ಹುಳ ಇದನ್ನೆಲ್ಲ ಬಾಯಿಂದ, ಬೆಂಕಿ ಇಲ್ಲದೆ, ತಲೆ ಆಡಿಸುತ್ತಾ ಎಳೆಯುತ್ತದೆ. ದಿನಾ ನೋಡಿದರೂ ನನಗೆ ಆಶ್ಚರ್ಯವೇ.

ಚಿಂತಾಮಣಿ ತೋಟ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಬಕೆಟ್ ಪರೀಕ್ಷೆ ಮಾಡಿದೆ. ಸುತಲಿ, ಡ್ರಿಪ್ ಪೈಪು, ಒಡೆದ ಕ್ರೇಟಿನ ತುಂಡು ತೇಲಿದವು. ಪಿವಿಸಿ ನೇರ ತಳಕ್ಕೆ ಹೋಯಿತು. ಮಗಳು ಹಾಲಿನ ಕವರ್ ತಂದು ಹಾಕಿದಳು, ಅದೂ ತೇಲಿತು.

ಪೈಪ್ ಮಿಷಿನ್ ಅಣ್ಣ, ಇವತ್ತು ಅಂಗಡಿಯಲ್ಲಿ ಬಿಸಿಲು ತಡೆಯುವ ಔಷಧಿ ಬೆರೆಸಿದ ಸುತಲಿ ಅಂತ ಒಂದು ಉಂಡೆ ಕೊಟ್ಟರು. ಬಣ್ಣ ಬಿಳಿಯೇ ಇದೆ. ನಂಬಬಹುದಾ?

ಪೈಪ್ ಮಿಷಿನ್, ತುಮಕೂರು:

ಬಿಳಿಯಲ್ಲೂ ಬೆರೆಸಬಹುದು, ಮಸಿ ಒಂದೇ ದಾರಿ ಅಲ್ಲ. ಆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ, ಇಂಥ ಔಷಧಿಗಳಲ್ಲಿ ಕೆಲವು ಗಂಧಕ ಹೊಡೆದರೆ ಕೆಡುತ್ತವೆ. ಬೂದಿ ರೋಗಕ್ಕೆ ಗಂಧಕ ಸಿಂಪಡಿಸುವವರು ನೆನಪಿಡಿ, ಪಾಲಿಹೌಸ್ ಹಾಳೆಗೂ ಇದೇ ಕಷ್ಟ. ಹೊಸದರಿಂದ ಒಂದು ಮಾರು, ಹಳೆ ಥರದ್ದರಿಂದ ಒಂದು ಮಾರು, ಎರಡನ್ನೂ ಮನೆ ಮಾಳಿಗೆ ಮೇಲೆ ಪಕ್ಕಪಕ್ಕ ಕಟ್ಟಿ. ತಿಂಗಳಿಗೊಮ್ಮೆ ತುದಿ ಮಡಚಿ ನೋಡಿ. ಮಡಚಿದ ಕಡೆ ಯಾವುದು ಮೊದಲು ಮುರಿಯುತ್ತದೋ ಅದನ್ನು ಬಿಟ್ಟುಬಿಡಿ.

ಚಿಂತಾಮಣಿ ತೋಟ:

ನೀರಿನ ಟ್ಯಾಂಕ್ ಪಕ್ಕದ ಕಂಬಿಗೆ ಎರಡನ್ನೂ ಕಟ್ಟಿದ್ದೇನೆ ಅಣ್ಣ. ಹಳೇದಕ್ಕೆ ಗುರುತಿಗೆ ಒಂದು ಗಂಟು ಹಾಕಿದ್ದೇನೆ. ಯುಗಾದಿ ಹೊತ್ತಿಗೆ ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ. ಹೀರೆಬಳ್ಳಿಗೆ ಈ ಸಲ ಸೆಣಬಿನ ಹುರಿ ಕಟ್ಟಿದೆವು, ಪುಡಿಯಾದರೂ ಮಣ್ಣಲ್ಲಿ ಕರಗುತ್ತದೆ.