ಎದುರು ಬರುವ ರೈಲನ್ನು ದಾಟಲು 7 ಸೆಕೆಂಡೋ, 14 ಸೆಕೆಂಡೋ?

ಪ್ರಶ್ನೆ (ಡೊಂಬಿವಲಿಯಿಂದ):
ಎಲ್ಲರಿಗೂ ನಮಸ್ಕಾರ. ನನ್ನ ಮಗ ರೈಲ್ವೆ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಾನೆ. ಅವನ ಅಭ್ಯಾಸ ಪತ್ರಿಕೆಯಲ್ಲಿ ತಲಾ 245 ಮೀಟರ್ ಉದ್ದದ ಎರಡು ಲೋಕಲ್ ರೈಲುಗಳು ಗಂಟೆಗೆ 72 ಮತ್ತು 54 ಕಿ.ಮೀ. ವೇಗದಲ್ಲಿ ಎದುರುಬದುರಾಗಿ ಬರುತ್ತವೆ. ಅವು ಒಂದನ್ನೊಂದು ದಾಟಲು 14 ಸೆಕೆಂಡು ಬೇಕೆಂದು ಉತ್ತರವಿದೆ. ಅವೇ ರೈಲುಗಳ ಮುಂದಿನ ಲೆಕ್ಕದಲ್ಲಿ, ಕಿಟಕಿಯ ಬಳಿ ಕುಳಿತ ಪ್ರಯಾಣಿಕನನ್ನು ಎದುರಿನ ರೈಲು ದಾಟಿಹೋಗಲು 7 ಸೆಕೆಂಡು ಎಂದಿದೆ. ವೇಗಗಳನ್ನು ಕೂಡಿಸುವುದು ನಮಗೆ ಅರ್ಥವಾಗಿದೆ. ಆದರೆ ಉದ್ದಗಳನ್ನು ಯಾವಾಗ ಕೂಡಿಸಬೇಕು, ಯಾವಾಗ ಬಿಡಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಪುಣೆಯಿಂದ, ನಿವೃತ್ತ ಗಣಿತ ಅಧ್ಯಾಪಕ):
ಎರಡೂ ಉತ್ತರಗಳು ಸರಿಯಾಗಿವೆ, ತಾಯಿ. ಸೂತ್ರ ಹುಡುಕುವ ಮೊದಲು ದಾಟುವ ಕ್ರಿಯೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಮಗ ಕೇಳಿಕೊಳ್ಳಲಿ. ರೈಲು ರೈಲನ್ನು ದಾಟುವಾಗ ಎರಡರ ಮುಂತುದಿಗಳು ಸಂಧಿಸಿದಲ್ಲಿಂದ ಹಿಂತುದಿಗಳು ಬೇರೆಯಾಗುವವರೆಗೆ ಎಣಿಸುತ್ತೇವೆ, ಹಾಗಾಗಿ ದೂರ 245 + 245 = 490 ಮೀಟರ್. ಸಾಪೇಕ್ಷ ವೇಗ, ಅಂದರೆ ಒಂದು ರೈಲಿನಿಂದ ನೋಡಿದಾಗ ಇನ್ನೊಂದರ ವೇಗ, ಗಂಟೆಗೆ 72 + 54 = 126 ಕಿ.ಮೀ.; ಸೆಕೆಂಡಿಗೆ ಎಷ್ಟು ಮೀಟರ್ ಎಂದು ತಿಳಿಯಲು ಅದನ್ನು 5/18ರಿಂದ ಗುಣಿಸಿದರೆ ಸೆಕೆಂಡಿಗೆ 35 ಮೀಟರ್, ಕಾಲ 14 ಸೆಕೆಂಡು. ಕಿಟಕಿಯ ಪ್ರಯಾಣಿಕನಾದರೋ ಒಂದು ಬಿಂದುವಿದ್ದಂತೆ. ಅವನ ಕಣ್ಣೆದುರು ಸರಿಯಬೇಕಾದದ್ದು ಎದುರಿನ ರೈಲಿನ ಉದ್ದ ಮಾತ್ರ. ಅವನು ಕುಳಿತಿರುವ ರೈಲು ಎಷ್ಟೇ ಉದ್ದವಿದ್ದರೂ ಲೆಕ್ಕಕ್ಕೆ ಬಾರದು.

ಒಂದೇ ದಿಕ್ಕಿನಲ್ಲಿ ಹೋಗುವಾಗ ಬದಲಾಗುವುದು ವೇಗ ಮಾತ್ರ. ಠಾಣೆ ದಾಟಿದ ಮೇಲೆ ಫಾಸ್ಟ್ ಲೋಕಲ್ ಪಕ್ಕದ ಸ್ಲೋ ಲೋಕಲನ್ನು ಹಿಂದಿಕ್ಕುವುದನ್ನು ನೀವು ನೋಡಿಯೇ ಇರುತ್ತೀರಿ: ಪಕ್ಕದ ಡಬ್ಬಿಯ ಬಾಗಿಲಲ್ಲಿ ನಿಂತವರ ಮುಖ ಗುರುತಿಸುವಷ್ಟು ನಿಧಾನವಾಗಿ ಅದು ಹಿಂದೆ ಸರಿಯುತ್ತದೆ. ಇಲ್ಲಿ ಸಾಪೇಕ್ಷ ವೇಗ 72 – 54 = 18 ಕಿ.ಮೀ., ಅಂದರೆ ಸೆಕೆಂಡಿಗೆ 5 ಮೀಟರ್. ಪೂರ್ತಿ ದಾಟಲು 98 ಸೆಕೆಂಡು, ಪ್ರಯಾಣಿಕನ ಲೆಕ್ಕದಲ್ಲಿ 49.

ಉತ್ತರ 2 (ಮಾಟುಂಗಾದಿಂದ):
ಹೊರಡುವ ಸಮಯ ಬೇರೆಯಿರುವ ಲೆಕ್ಕಗಳನ್ನೂ ಮಾಡಿಸಿ, ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಅಲ್ಲಿಯೇ. ಮುಂಬಯಿ–ಪುಣೆ ರೈಲುಮಾರ್ಗ 192 ಕಿ.ಮೀ. ಮುಂಬಯಿಯಿಂದ 7 ಗಂಟೆಗೆ 60 ಕಿ.ಮೀ. ವೇಗದ ರೈಲು, ಪುಣೆಯಿಂದ 8 ಗಂಟೆಗೆ 72 ಕಿ.ಮೀ. ವೇಗದ ರೈಲು ಹೊರಟವು ಎನ್ನೋಣ. ಮೊದಲ ಒಂದು ಗಂಟೆ ಓಡುವುದು ಒಂದೇ ರೈಲು, ಆದ್ದರಿಂದ ಆಗ ವೇಗಗಳನ್ನು ಕೂಡಿಸುವ ಮಾತೇ ಇಲ್ಲ. ಎಂಟಕ್ಕೆ ಉಳಿದ ಅಂತರ 132 ಕಿ.ಮೀ., ವೇಗಗಳ ಮೊತ್ತವೂ 132. ಹಾಗಾಗಿ 9 ಗಂಟೆಗೆ, ಮುಂಬಯಿಯಿಂದ 120 ಕಿ.ಮೀ. ದೂರದಲ್ಲಿ ಅವು ಸಂಧಿಸುತ್ತವೆ. (ಆ ಜಾಗ ಕರ್ಜತ್–ಲೋಣಾವಳ ನಡುವಿನ ಘಾಟಿಯಲ್ಲಿದೆ. 37ಕ್ಕೆ 1ರ ಏರಿನಲ್ಲಿ, ಅಂದರೆ ಪ್ರತಿ 37 ಮೀಟರಿಗೆ 1 ಮೀಟರ್ ಮೇಲೇರುವ ಹಳಿಯಲ್ಲಿ, ಹಿಂದಿನಿಂದ ಇಂಜಿನ್ ತಳ್ಳುತ್ತಿರುವ ರೈಲು ಅಷ್ಟು ವೇಗದಲ್ಲಿ ಹತ್ತುವುದು ಲೆಕ್ಕದ ಪುಸ್ತಕದಲ್ಲಿ ಮಾತ್ರ!)

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಎರಡು ರೈಲುಗಳ ಉದ್ದ ಬೇರೆಬೇರೆಯಾಗಿದ್ದರೆ ಯಾವ ರೈಲಿನ ಪ್ರಯಾಣಿಕ ಎಂಬುದನ್ನೂ ನೋಡಬೇಕಲ್ಲವೇ, ಸರ್?

ಉತ್ತರ 1:
ಖಂಡಿತ ನೋಡಬೇಕು. ಒಂದು ರೈಲು 245 ಮೀಟರ್, ಇನ್ನೊಂದು 315 ಮೀಟರ್ ಇದ್ದು, ಅದೇ ವೇಗದಲ್ಲಿ ಎದುರುಬದುರಾಗಿ ಬಂದರೆ, ಚಿಕ್ಕ ರೈಲಿನಲ್ಲಿರುವವನಿಗೆ ದೊಡ್ಡದು ದಾಟಲು 9 ಸೆಕೆಂಡು, ದೊಡ್ಡದರಲ್ಲಿರುವವನಿಗೆ ಚಿಕ್ಕದು ದಾಟಲು 7 ಸೆಕೆಂಡು. ರೈಲುಗಳು ಒಂದನ್ನೊಂದು ಪೂರ್ತಿ ದಾಟುವ ಕಾಲ ಇವೆರಡರ ಮೊತ್ತ, ಅಂದರೆ 16 ಸೆಕೆಂಡು. ಉತ್ತರವನ್ನು ತಾಳೆ ನೋಡಲು ಮಗ ಇದನ್ನೇ ಬಳಸಬಹುದು.