ಆರು ಬಣ್ಣದ ಪ್ರಿಂಟರನ್ನು ಕಪ್ಪು-ಬಿಳುಪಿಗೆ ಮಾತ್ರ ಮೀಸಲಿಡುವುದು ಹೇಗೆ?

ಪ್ರಶ್ನೆ: ಸರ್, ನಾನು ಅಮೆರಿಕದಲ್ಲಿದ್ದೇನೆ. ಎಪ್ಸನ್ ಆರ್ಟಿಸನ್ 1430 ಎಂಬ ಆರು ಬಣ್ಣದ ಪ್ರಿಂಟರ್ ಇದೆ. ಊರಿನ ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಪ್ರಿಂಟ್ ತೆಗೆದರೆ ಟ್ಯೂಬ್‌ಲೈಟ್ ಕೆಳಗೆ ಹಸಿರು ಛಾಯೆ, ಕಿಟಕಿ ಬಳಿ ಕೆಂಪು ಛಾಯೆ. ಡ್ರೈವರಿನಲ್ಲಿ (ಪ್ರಿಂಟರ್ ನಡೆಸುವ ತಂತ್ರಾಂಶದಲ್ಲಿ) ಗ್ರೇಸ್ಕೇಲ್, ಅಂದರೆ ಬರಿ ಕಪ್ಪು-ಬಿಳುಪು, ಆರಿಸಿದರೂ ಅಷ್ಟೇ. ಇದನ್ನು ಪೂರ್ತಿ ಕಪ್ಪು-ಬಿಳುಪಿಗೆ ಬದಲಾಯಿಸಬಹುದೇ?

ಉತ್ತರ: ಖಂಡಿತ ಬಹುದು. ಗ್ರೇಸ್ಕೇಲ್ ಎಂದರೂ ಡ್ರೈವರ್ ಬೂದು ಬಣ್ಣವನ್ನು ಸಯಾನ್, ಮಜೆಂಟಾ, ಹಳದಿ ಬೆರೆಸಿಯೇ ಕಟ್ಟುತ್ತದೆ. ಬೆಳಕು ಬದಲಾದರೆ ಆ ಮಿಶ್ರಣ ಕಾಣುವ ರೀತಿಯೂ ಬದಲಾಗುತ್ತದೆ. ಬೂದು ಹುಟ್ಟಬೇಕಾದ್ದು ಕಪ್ಪಿನಿಂದ ಮತ್ತು ಅದೇ ಕಪ್ಪನ್ನು ತಿಳಿ ಮಾಡಿದ ಇಂಕುಗಳಿಂದ.

ಮೊದಲು ನಾಝಲ್ ಚೆಕ್, ಅಂದರೆ ಇಂಕು ಚಿಮ್ಮುವ ತೂತುಗಳನ್ನು ಪರೀಕ್ಷಿಸುವ ಹಾಳೆ, ತೆಗೆಯಿರಿ. ಆರೂ ಬಣ್ಣದ ಗೆರೆಗಳು ಎಲ್ಲೂ ಕಡಿಯದೆ ಬರಬೇಕು. ಹೆಡ್ (ಆ ತೂತುಗಳಿರುವ ಭಾಗ) ಕಟ್ಟಿಕೊಂಡಿದ್ದರೆ ಹೊಸ ಇಂಕಿಗೆ ದುಡ್ಡು ಹಾಕಬೇಡಿ.

ಗೆರೆ ಸರಿ ಇದ್ದರೆ, ಚಿಪ್ ತಾನೇ ರೀಸೆಟ್ ಆಗುವ ರೀಫಿಲ್ ಕಾರ್ಟ್ರಿಜ್‌ಗಳ ಎರಡು ಸೆಟ್ ತರಿಸಿ. ಒಂದಕ್ಕೆ ಹೆಡ್ ತೊಳೆಯುವ ದ್ರವ ತುಂಬಿ, ಗೆರೆಗಳು ಬಹುತೇಕ ಮಾಯವಾಗುವವರೆಗೆ ಹೆಡ್ ಕ್ಲೀನಿಂಗ್ ಕೊಡಿ. ನಿಮ್ಮದರಲ್ಲಿ ಈಗಿರುವುದು ದ್ರವದಲ್ಲಿ ಪೂರ್ತಿ ಕರಗಿದ ಬಣ್ಣದ ಡೈ ಇಂಕು, ಹಾಕಹೊರಟಿರುವುದು ದ್ರವದಲ್ಲಿ ತೇಲುವ ಇಂಗಾಲದ ಕಣಗಳ ಕಾರ್ಬನ್ ಪಿಗ್ಮೆಂಟ್. ಇವೆರಡೂ ಹೆಡ್ಡಿನೊಳಗೆ ಕೂಡಿದರೆ ಗಂಟುಕಟ್ಟುವ ಅಪಾಯವಿದೆ. ಇಲ್ಲಿ ಆತುರ ಬೇಡ.

ಇನ್ನೊಂದು ಸೆಟ್ಟಿಗೆ ಇಂಕು: ಕಪ್ಪಿನ ಜಾಗಕ್ಕೆ ಮ್ಯಾಟ್ ಕಪ್ಪು (ಮಿರುಗಿಲ್ಲದ ಕಾಗದಕ್ಕೆಂದೇ ಇರುವ ಕಾರ್ಬನ್ ಕಪ್ಪು) ಪೂರ್ತಿ ಶೇ 100. ಅದೇ ಕಪ್ಪನ್ನು ತಿಳಿ ಮಾಡಿ ಸಯಾನ್ ಜಾಗಕ್ಕೆ ಶೇ 30, ಮಜೆಂಟಾಕ್ಕೆ 18, ಲೈಟ್ ಸಯಾನ್‌ಗೆ 9, ಲೈಟ್ ಮಜೆಂಟಾಕ್ಕೆ 6, ಹಳದಿಗೆ 2. ಶೇ 30 ಎಂದರೆ 30 ಮಿ.ಲೀ. ಇಂಕಿಗೆ 70 ಮಿ.ಲೀ. ಬೇಸ್. ಬೇಸ್ ಎಂದರೆ ಇಂಕು ತಿಳಿ ಮಾಡಲೆಂದೇ ಮಾರುವ ದ್ರವ, ಬರಿ ಡಿಸ್ಟಿಲ್ಡ್ ವಾಟರ್ ಅಲ್ಲ. ಬರಿ ನೀರು ಹಾಕಿದರೆ ಇಂಕಿನ ಹರಿವಿನ ಹದ ಕೆಡುತ್ತದೆ, ನಾಝಲ್ ತುದಿಯಲ್ಲಿ ಬೇಗ ಒಣಗುತ್ತದೆ. ಒಂದೊಂದು ಇಂಕಿಗೂ ಬೇರೆ ಸಿರಿಂಜ್ ಇರಲಿ. ಶೇ 2ರ ಇಂಕಿಗೆ ಕಪ್ಪು ಒಂದೆರಡು ಹನಿ ಬಿದ್ದರೂ ಲೆಕ್ಕ ತಪ್ಪುತ್ತದೆ.

ಮರುಪ್ರಶ್ನೆ: ಫೋಟೋಶಾಪ್‌ನಿಂದ ಎಂದಿನಂತೆ ಪ್ರಿಂಟ್ ಕೊಟ್ಟರೆ ಸಾಕೇ?

ಉತ್ತರ: ಸಾಲದು. ಎಪ್ಸನ್ ಡ್ರೈವರ್ ಪಾಲಿಗೆ ಆ ಜಾಗದಲ್ಲಿರುವುದು ಇನ್ನೂ ಹಳದಿಯೇ. ಡ್ರೈವರ್ ಬದಲು ರಾಯ್ ಹ್ಯಾರಿಂಗ್ಟನ್ ಬರೆದ ಕ್ವಾಡ್‌ಟೋನ್ ರಿಪ್ ಎಂಬ ಪ್ರಿಂಟಿಂಗ್ ತಂತ್ರಾಂಶ ಬಳಸಿ. ಆರು ಇಂಕಿನ ಚಾನೆಲ್‌ಗಳನ್ನೂ ಅದು ಬೇರೆಬೇರೆಯಾಗಿ ನಡೆಸುತ್ತದೆ.

ನಿಜವಾದ ಕೆಲಸ ಇರುವುದು ಇಲ್ಲೇ. ಮೊದಲು ಅದರ ಕ್ಯಾಲಿಬ್ರೇಷನ್ ಪುಟ ತೆಗೆದು, ಕಪ್ಪು ಯಾವ ಚೌಕದ ನಂತರ ಇನ್ನಷ್ಟು ಕಪ್ಪಾಗುವುದು ನಿಲ್ಲುತ್ತದೆ ನೋಡಿ. ಅದೇ ನಿಮ್ಮ ಇಂಕ್ ಲಿಮಿಟ್. ಅದನ್ನು ಮೀರಿ ಸುರಿದರೆ ಕಾಗದ ಒದ್ದೆಯಾಗಿ ನೆರಳಿನ ವಿವರ ಮುಚ್ಚಿಹೋಗುತ್ತದೆ. ಆಮೇಲೆ ಪ್ರತಿ ತಿಳಿ ಇಂಕು ಕಪ್ಪಿನ ಎಷ್ಟನೇ ಪಾಲಿಗೆ ಸಮ ಎಂಬುದನ್ನು ಅಳೆದು ಕರ್ವ್ ಫೈಲಿನಲ್ಲಿ (ಯಾವ ಬೂದು ಛಾಯೆಗೆ ಯಾವ ಇಂಕು ಎಷ್ಟು ಎಂದು ಹೇಳುವ ಫೈಲು) ನಮೂದಿಸಿ. ಕೊನೆಗೆ ಬಿಳಿಯಿಂದ ಕಪ್ಪಿನವರೆಗಿನ 21 ಚೌಕಗಳ ಪಟ್ಟಿ ಪ್ರಿಂಟ್ ಮಾಡಿ, ಒಂದು ದಿನ ಒಣಗಲು ಬಿಟ್ಟು, ಅಳತೆ ತೆಗೆದು ಲೀನಿಯರೈಸ್ ಮಾಡಿ, ಅಂದರೆ ಚೌಕದಿಂದ ಚೌಕಕ್ಕೆ ಛಾಯೆ ಸಮವಾಗಿ ಏರುವಂತೆ ಸರಿಪಡಿಸಿ. ಹಸಿಯಲ್ಲೇ ಅಳೆದರೆ ಮರುದಿನ ಬೇರೆಯೇ ಅಂಕಿ ಬರುತ್ತದೆ. ಒಳ್ಳೆಯ ಮ್ಯಾಟ್ ಹತ್ತಿ ಕಾಗದದಲ್ಲಿ ಕಪ್ಪಿನ ಎಲ್ ಬೆಲೆ (ಹೊಳಪಿನ ಅಳತೆ, 0 ಎಂದರೆ ಪೂರ್ತಿ ಕಪ್ಪು, 100 ಎಂದರೆ ಬಿಳಿ) 16-18ರ ಆಸುಪಾಸು ಬಂದರೆ ತೃಪ್ತಿಪಡಿ. ಕಾಗದ ಬದಲಿಸಿದರೆ ಇಷ್ಟೂ ಹೊಸದಾಗಿ ಮಾಡಬೇಕು. ಹಾಗಾಗಿ ಒಂದೇ ಕಾಗದಕ್ಕೆ ಅಂಟಿಕೊಳ್ಳಿ.

ಇನ್ನೊಬ್ಬರ ಉತ್ತರ: ಮನೆಯಲ್ಲಿ ಇಂಕು ಬೆರೆಸುವ ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ. ಮೊದಲ ಸಲ ಮಾಡುವವರಿಗೆ ಜಾನ್ ಕೋನ್ ಅವರ ಪೀಜೋಗ್ರಫಿಯಂಥ, ತಿಳಿ-ಗಾಢ ಹದ ಮಾಡಿಯೇ ಬರುವ ಕಪ್ಪು-ಬಿಳುಪು ಇಂಕಿನ ಸೆಟ್ ವಾಸಿ. ಜೊತೆಗೆ ಕರ್ವ್‌ಗಳೂ ಸಿಗುತ್ತವೆ. ದುಬಾರಿ ನಿಜ, ಆದರೆ ತಪ್ಪು ಎಲ್ಲಿದೆ ಎಂದು ಹುಡುಕುವ ಜಾಗಗಳು ಅರ್ಧ ಕಡಿಮೆಯಾಗುತ್ತವೆ.

ಇನ್ನು ಗ್ಲಾಸಿ ಕಾಗದದ ಗೊಡವೆಗೆ ಹೋಗಬೇಡಿ. ಮ್ಯಾಟ್ ಕಪ್ಪು ಅದರ ಮೇಲೆ ಕೂರುವುದಿಲ್ಲ, ಬೆರಳು ಸವರಿದರೆ ಬರುತ್ತದೆ.

ಮರುಪ್ರಶ್ನೆ: ಕಾರ್ಟ್ರಿಜ್ ತುಂಬಿದೆ. ನಾಝಲ್ ಚೆಕ್ ಚೆನ್ನಾಗಿದೆ, ಆದರೆ ದೊಡ್ಡ ಪ್ರಿಂಟಿನ ಅರ್ಧಕ್ಕೆ ಬರುತ್ತಲೇ ಕಪ್ಪು ಸೊರಗುತ್ತದೆ. ಹಳದಿ ಜಾಗದ ಗೆರೆಯಂತೂ ಕಾಣುವುದೇ ಇಲ್ಲ.

ಉತ್ತರ: ಮೊದಲನೆಯದು ಗಾಳಿಯ ತೊಂದರೆಯೇ ಇರಬೇಕು. ಕಾರ್ಟ್ರಿಜ್ ಮೇಲಿನ ಗಾಳಿತೂತಿನ ಬಿರಡೆ ಅಥವಾ ಟೇಪ್ ತೆಗೆದಿದ್ದೀರಾ ನೋಡಿ. ಅದು ಮುಚ್ಚಿದ್ದರೆ ಇಂಕು ಇಳಿದಂತೆ ಒಳಗೆ ನಿರ್ವಾತವಾಗಿ ಹರಿವು ನಿಲ್ಲುತ್ತದೆ. ನಾಝಲ್ ಚೆಕ್‌ಗೆ ಬೇಕಾದ್ದು ನಾಲ್ಕು ಹನಿ, ಹಾಗಾಗಿ ಅದರಲ್ಲಿ ಗೊತ್ತಾಗದು. ತೂತು ತೆರೆದೇ ಇದ್ದರೆ, ಕೆಳಗಿನ ಇಂಕ್ ಬಾಯಿಗೆ ಸಿರಿಂಜ್ ಹಿಡಿದು ಗುಳ್ಳೆ ನಿಲ್ಲುವವರೆಗೆ ಮೆಲ್ಲಗೆ ಎಳೆಯಿರಿ.

ಎರಡನೆಯದು ದೋಷವಲ್ಲ. ಶೇ 2ರ ಇಂಕು ಬರಿಗಣ್ಣಿಗೆ ಕಾಣುವುದೇ ಕಷ್ಟ. ಆ ಹಾಳೆಯನ್ನು ಸ್ಕ್ಯಾನ್ ಮಾಡಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ, ಗೆರೆಗಳು ಮೇಲೇಳುತ್ತವೆ.

ಇನ್ನು ಮುಂದೆ ವಾರಕ್ಕೊಂದು ಹಾಳೆ ತೆಗೆಯುತ್ತಿರಿ. ಪಿಗ್ಮೆಂಟ್ ಗಷ್ಟಿನಂತೆ ತಳಕ್ಕಿಳಿಯುತ್ತದೆ, ಕಾರ್ಬನ್ ಅಂತೂ ಬೇಗ. ಎರಡು ವಾರಕ್ಕೊಮ್ಮೆ ಕಾರ್ಟ್ರಿಜ್ ಹೊರತೆಗೆದು ನಿಧಾನವಾಗಿ ಹತ್ತು ಸಲ ಅತ್ತಿತ್ತ ವಾಲಿಸಿ. ಜೋರಾಗಿ ಕುಲುಕಿದರೆ ನೊರೆಯೆದ್ದು ಮತ್ತೆ ಗಾಳಿ ಸೇರುತ್ತದೆ.